ಮಡಿ ಪ್ರತಿ

ಪುಸ್ತಕದಿಂದ ಬೇಡದ ಮಾತುಗಳನ್ನು ತೆಗೆದುಹಾಕುವುದಕ್ಕೆ ನಮ್ಮ ಆಫೀಸಿನಲ್ಲಿ ‘ಮಡಿ ಮಾಡುವುದು’ ಎನ್ನುತ್ತಾರೆ. ಈ ಅರ್ಥ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಯಲಹಂಕ ನ್ಯೂಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ನಮ್ಮ ಪ್ರಕಾಶನವಿದೆ. ಅದರ ಮೆಟ್ಟಿಲು ಇಳಿದರೆ ಈ ಮಾತಿಗೆ ಬೆಲೆಯಿಲ್ಲ. ಹೊರಗಿನವರ ಮುಂದೆ ನಾವೂ ಅದನ್ನು ಆಡುವುದಿಲ್ಲ. ಮುನ್ನುಡಿಯಲ್ಲಿ ‘ಪರಿಷ್ಕರಿಸಲಾಗಿದೆ’ ಎಂದು ಬರೆಯುತ್ತೇವೆ, ಅದನ್ನು ಓದಿದವರು ಕಾಗುಣಿತ ತಿದ್ದಿರಬೇಕು ಎಂದುಕೊಳ್ಳುತ್ತಾರೆ.

ಮಾತನ್ನು ಹುಟ್ಟುಹಾಕಿದವರು ಶೇಖರಪ್ಪ ಎಂಬ ಹಿರಿಯರು. ನಾನು ಕೆಲಸಕ್ಕೆ ಸೇರಿದಾಗ ಅವರು ಕರಡು ತಿದ್ದುವುದನ್ನು ಬಿಟ್ಟು ಮನೆಗೆ ಹೋಗುವುದರಲ್ಲಿದ್ದರು. ಅವರ ಲೆಕ್ಕದಲ್ಲಿ ಲೇಖಕರಿಂದ ಬಂದ ಪ್ರತಿ ಮೈಲಿಗೆ. ಯಜಮಾನರು ಕೆಂಪು ಗೀಟು ಹಾಕಿದ್ದು ಅರೆಮಡಿ. ಪ್ರೆಸ್ಸಿಗೆ ಹೋಗುವುದು ಮಡಿ. ನನ್ನ ಹೆಸರು ಲುಬ್ನಾ, ಮನೆಯಲ್ಲಿ ನಾವು ಆಡುವುದು ದಖ್ಖನಿ. ಇನ್ನು ಮುಂದೆ ಮಡಿ ಮಾಡುವವಳು ನಾನು ಎಂದು ತಿಳಿದಾಗ ಶೇಖರಪ್ಪ ಕನ್ನಡಕ ತೆಗೆದಿಟ್ಟು ನಕ್ಕರು. ನನಗೂ ನಗು ಬಂತು. ಕೆಲಸ ಕಲಿಸುವಾಗ ಮಾತ್ರ ಏನನ್ನೂ ಮುಚ್ಚಿಡಲಿಲ್ಲ.

ನಾವು ಮಾಡುವುದು ಶಾಲೆ ಲೈಬ್ರರಿಗೆ ಬೇಕಾದ ಪುಸ್ತಕಗಳನ್ನು. ಹಳೆಯ ಕಥೆಗಳಲ್ಲಿ, ಹಾಡುಗಳಲ್ಲಿ ಮೈಕೈ ಮಾತು ಇರುತ್ತದೆ, ಜಾತಿ ಹಿಡಿದು ಬೈದದ್ದು ಇರುತ್ತದೆ. ಕೆಲವನ್ನು ತೆಗೆಯುವುದು ನನಗೂ ಸರಿ ಎನ್ನಿಸುತ್ತದೆ, ಕೆಲವನ್ನು ತೆಗೆಯುವುದು ಸರಿ ಎನ್ನಿಸುವುದಿಲ್ಲ. ಸಂಬಳ ಎರಡಕ್ಕೂ ಒಂದೇ. ತೆಗೆಯುವುದರಲ್ಲಿ ಎರಡು ದಾರಿ. ಮಾತು ಇದ್ದ ಜಾಗದಲ್ಲಿ ಚುಕ್ಕಿ ಇಟ್ಟು ಇಲ್ಲೇನೋ ಇತ್ತು ಎಂದು ಒಪ್ಪಿಕೊಳ್ಳುವುದು ಒಂದು. ಇಡೀ ಸಾಲನ್ನೋ ನುಡಿಯನ್ನೋ ಎತ್ತಿ, ಮೇಲಿನದನ್ನೂ ಕೆಳಗಿನದನ್ನೂ ಸೇರಿಸಿ, ಏನೂ ಆಗಿಲ್ಲವೆಂಬಂತೆ ಮಾಡುವುದು ಇನ್ನೊಂದು. ನಮ್ಮ ಯಜಮಾನರಾದ ವಿರೂಪಾಕ್ಷ ಸರ್‌ಗೆ ಚುಕ್ಕಿ ಕಂಡರಾಗದು. ಚುಕ್ಕಿ ನೋಡಿದ ಹುಡುಗರು ಇದ್ದ ಮಾತಿಗಿಂತ ಕೆಟ್ಟ ಮಾತನ್ನು ಅಲ್ಲಿ ತುಂಬುತ್ತಾರೆ ಎಂಬುದು ಅವರ ಅನುಭವ. ಅವರು ಮೇಷ್ಟರಾಗಿದ್ದವರು, ಹುಡುಗರ ವಿಷಯದಲ್ಲಿ ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಕಳೆದ ವರ್ಷ ನಮಗೊಂದು ಹಾಡಿನ ಪುಸ್ತಕದ ಕೆಲಸ ಬಂತು. ಉತ್ತರ ಕರ್ನಾಟಕದಿಂದ ಬಂದು ನಮ್ಮ ಈ ಸುತ್ತಮುತ್ತ ನೆಲೆಸಿದ ಹೆಂಗಸರು ಹಾಡುವ ಬೀಸುವ ಪದ, ಜೋಗುಳ, ಸೋಬಾನೆ ಎಲ್ಲವನ್ನೂ ಸೇರಿಸಬೇಕು. ಹಣ ಹಾಕುವುದು ಆ ಕಡೆಯವರ ಒಂದು ಸಂಘ. ಮನೆಯಲ್ಲಿ ಹಾಡು ಬರುವ ಹಿರಿಯರಿದ್ದರೆ ತಿಳಿಸಿ ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆವು. ಹೆಬ್ಬಾಳದ ವೆಟರ್ನರಿ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಷಯಾ ಎಂಬುವಳು ಉತ್ತರ ಬರೆದಳು. ‘ನಮ್ಮಮ್ಮಂಗೆ ಬರುತ್ತೆ. ಹಾಡಿಸೋದು ನಿಮ್ಮ ಕೆಲಸ.’

ಅವರ ಮನೆ ಅಲ್ಲಾಳಸಂದ್ರದ ಕೆರೆಗೆ ಹತ್ತಿರ. ಅಮ್ಮನ ಹೆಸರು ರತ್ನಕ್ಕ. ರಾಜಾನುಕುಂಟೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಬೆಳಿಗ್ಗೆ ಹೋದರೆ ಸಂಜೆ ಬರುತ್ತಾರೆ, ನಾನು ಹೋದ ದಿನ ರಜೆ. ನಾನು ಫೋನನ್ನು ನೆಲದ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದೆ. ಅವರು ಗೋಡೆಗೆ ಒರಗಿ ಕುಳಿತು, ಬಲಗೈಯನ್ನು ನೆಲದ ಮೇಲೆ ದುಂಡಗೆ ಆಡಿಸತೊಡಗಿದರು. ಬೀಸುವ ಕಲ್ಲು ಇಲ್ಲದಿದ್ದರೂ ಕೈ ತಿರುಗದೆ ಹಾಡು ಬರುವುದಿಲ್ಲವಂತೆ.

ಬೇರೆ ಹಾಡುಗಳು ಇತರರೂ ಹೇಳಿದಂಥವೇ. ಒಂದು ಮಾತ್ರ ನಾನು ಎಲ್ಲೂ ಕೇಳದ್ದು. ಅದು ಅವರ ತಾಯಿ ಕಟ್ಟಿದ್ದು, ರತ್ನಕ್ಕನನ್ನು ಗಂಡನ ಮನೆಗೆ ಕಳಿಸಿದ ವರ್ಷ. ಹಾಡುವಾಗ ಪ್ರತಿ ನುಡಿಯಲ್ಲೂ ಒಂದು ಕಡೆ ಮಾತು ನಿಲ್ಲುತ್ತಿತ್ತು. ಅಲ್ಲಿ ಅವರು ಬಾಯಿ ಮುಚ್ಚಿ ಗುಂಯ್ ಎಂದು ಎಳೆದು, ಮುಂದಿನ ಮಾತಿಗೆ ಹೋಗುತ್ತಿದ್ದರು. ಬರೆದುಕೊಂಡಾಗ ಅದು ಹೀಗೆ ಬಂತು.

ಹೊಳಿದಂಡಿ ಮ್ಯಾಲ ಹೊಸ ಸೀರಿ ಉಟ್ಟಾಳ
ತೊಳೆದ ಮೈ ನೋಡಿ — — ನಗತಾನ
ಗೆಳತೇರ ಹೆಂಗ ಹೇಳಲೆ

ತಾಸ್ಹೊತ್ತು ತಪ್ಪಿದರ — — ಬಂದಾನು
ಹಾಸಿಗಿ ಕೊಡವಿ ಕರದೇನ, ನನ ಮನಿಗಿ
ಬ್ಯಾಸರಿಕಿಲ್ಲ ಬಡತಾನ

ಮಗಳೀಗಿ ಮುತ್ತಿನ ಮೂಗುತಿ ಕೊಡಲಿಲ್ಲ
ಹಗಲಿರುಳ ಬೀಸಿ ಕೊಟ್ಟೇನ, — —
ಜಗದಾಗ ಅಕಿನ ಬಿಡಬ್ಯಾಡ

ಹಾಡು ಮುಗಿದ ಮೇಲೆ ರತ್ನಕ್ಕ ನನ್ನನ್ನು ಒಂದೇ ಒಂದು ಕೇಳಿಕೊಂಡರು. “ಇದರ ಕೆಳಗ ನನ್ನ ಹೆಸರು ಬ್ಯಾಡವ್ವ. ಮಾಂತವ್ವ ಅಂತ ಹಾಕ್ರಿ. ನಮ್ಮವ್ವನ ಹೆಸರು.”

“ಹಾಕ್ತೀವಿ ರತ್ನಕ್ಕ.”

“ಅಕಿದೊಂದು ಫೋಟೋ ಇಲ್ಲ. ಹೊಲಾ ಮನಿ ಎಲ್ಲಾ ಅಪ್ಪನ ಹೆಸರಿನ್ಯಾಗ ಇತ್ತು, ಅದೂ ಹೋತು. ಅಕಿ ಹೆಸರು ಎಲ್ಯೂ ಅಚ್ಚಾಗಿಲ್ಲ. ಇದ್ಲು ಅಂತ ಒಂದ್ ಕಡಿ ಆದ್ರೂ ಇರ್ಲಿ.”

ಅಕ್ಷಯಾ ಚಹಾ ತಂದಳು. ಅವಳ ಅಮ್ಮ ಯಾರನ್ನೂ ಏನನ್ನೂ ಕೇಳದ ಹೆಂಗಸು ಎಂದು ಆಮೇಲೆ ಬಾಗಿಲ ಬಳಿ ಹೇಳಿದಳು. “ಈ ಬುಕ್ಕಿನ ವಿಷಯ ಮಾತ್ರ ದಿನಾ ಕೇಳ್ತಾರೆ. ಯಾವಾಗ ಬರುತ್ತೆ, ಯಾವಾಗ ಬರುತ್ತೆ ಅಂತ.”

ವಿರೂಪಾಕ್ಷ ಸರ್ ಹಾಡನ್ನು ಓದಿ ಮೊದಲ ನುಡಿಯಲ್ಲೇ ಪೆನ್ನು ತೆಗೆದರು. ತೊಳೆದ ಮೈ, ಅದನ್ನು ನೋಡಿ ನಗುವ ಯಾರೋ, ಕೊಡವಿದ ಹಾಸಿಗೆ. ಬಿಟ್ಟ ಜಾಗದಲ್ಲಿ ಎಂಥ ಮಾತಿದ್ದೀತು ಎಂದು ಊಹಿಸಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. “ಆಯಮ್ಮಂಗೇ ನಾಚಿಕೆಯಾಗಿ ಬಾಯಿ ಮುಚ್ಕೊಂಡಿದಾರೆ ನೋಡಮ್ಮ. ಹಾಡಿದವರೇ ಹೇಳದೇ ಇರೋದನ್ನ ನಾವು ಅಚ್ಚು ಹಾಕೋದು ಹೆಂಗೆ? ಪೂರ್ತಿ ಮಡಿ ಮಾಡ್ಬಿಡು.” ಪೂರ್ತಿ ಮಡಿ ಎಂದರೆ ಹಾಡೇ ಇಲ್ಲ.

“ಮೂರನೇ ನುಡೀಲಿ ಏನ್ ತಪ್ಪಿದೆ ಸರ್? ಅಲ್ಲೂ ಬಿಟ್ಟಿದಾರಲ್ಲ.”

“ಒಂದು ನುಡಿ ಇಟ್ಕೊಂಡು ಏನ್ ಮಾಡ್ತೀಯ. ಬಿಡಮ್ಮ, ಹಾಡು ಬೇಕಾದಷ್ಟಿವೆ.”

ಅದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಮಗಳನ್ನು ಬಿಡಬೇಡ ಎಂದು ತಾಯಿ ಕೇಳಿಕೊಳ್ಳುವ ಕಡೆ ಹೊಲಸು ಮಾತು ಯಾಕೆ ಬರುತ್ತದೆ ಎನ್ನುವುದು ತಲೆಯಲ್ಲಿ ಉಳಿಯಿತು. ಹಾಗೆ ಉಳಿದದ್ದನ್ನು ಬಿಡಿಸಿದವಳು ನಮ್ಮಮ್ಮ, ಮಲ್ಕಾ, ಅವಳಿಗೆ ಗೊತ್ತಿಲ್ಲದೆಯೇ. ಆ ವಾರ ಅವಳ ಕಣ್ಣು ತೋರಿಸಲು ಆರ್.ಟಿ. ನಗರದ ಕ್ಲಿನಿಕ್ಕಿಗೆ ಹೋಗಿದ್ದೆವು. ಚೀಟಿ ಬರೆಯುವವಳು ಗಂಡನ ಹೆಸರು ಕೇಳಿದಳು. ಅಮ್ಮ ನನ್ನ ಮೊಣಕೈ ತಿವಿದಳು. ನಾನು ರಹಮತುಲ್ಲಾ ಎಂದೆ. ಅಬ್ಬಾನನ್ನು ಅವಳು ಮನೆಯಲ್ಲಿ ಕರೆಯುವುದು ‘ಅಜ್ಜು ಕೆ ಅಬ್ಬಾ’ ಎಂದು, ನನ್ನ ಅಣ್ಣ ಅಜ್ಜು ಹುಟ್ಟಿದಂದಿನಿಂದ. ಅಷ್ಟಕ್ಕೇ ನಿಲ್ಲುವುದಿಲ್ಲ. ದೇವರ ರಹಮತ್ ಎನ್ನಬೇಕಾದ ಕಡೆಯಲ್ಲೆಲ್ಲ ಮೆಹರ್‌ಬಾನಿ ಎನ್ನುತ್ತಾಳೆ. ಗಂಡನ ಹೆಸರು ದೇವರ ಕರುಣೆಗೂ ಅಡ್ಡ ಬಂದಿದೆ ಎಂದು ನಾವು ಮಕ್ಕಳು ಅವಳನ್ನು ಕಾಡಿಸುವುದುಂಟು.

ಕ್ಲಿನಿಕ್ಕಿನ ಬೆಂಚಿನ ಮೇಲಿಂದಲೇ ಅಕ್ಷಯಾಗೆ ಫೋನ್ ಮಾಡಿದೆ. “ಒಂದ್ ವಿಷಯ ಕೇಳ್ಬೇಕಿತ್ತು. ನಿಮ್ಮ ತಂದೆ ಹೆಸರೇನು?”

ಅವಳು ಹೆಸರು ಹೇಳಿದಳು. “ಯಾಕೆ ಬೇಕಿತ್ತು? ಮನೇಲಿ ಆ ಹೆಸರು ಯಾರೂ ಎತ್ತಲ್ಲ. ನಾನು ತೊಟ್ಟಿಲಲ್ಲಿದ್ದಾಗ ಬಿಟ್ಟು ಹೋದ್ರು. ಗೋವಾದಲ್ಲಿ ಬೇರೆ ಸಂಸಾರ ಇದೆ. ಇದಾರೆ ಇನ್ನೂ.”

ಅದು ಅವರ ಊರಿನ ಹೊಳೆದಂಡೆಯಲ್ಲಿರುವ ದೇವರ ಹೆಸರು. ಆ ಕಡೆ ಅರ್ಧ ಊರಿಗೆ ಆ ಹೆಸರಿದೆ. ಅದನ್ನು ನಾನಿಲ್ಲಿ ಬರೆಯುತ್ತಿಲ್ಲ, ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ. ಹಾಡಿನ ಬಿಟ್ಟ ಜಾಗಗಳಲ್ಲಿ ಅದನ್ನು ಹಾಕಿ ಓದಿಕೊಂಡೆ. ಮಾತ್ರೆಗಳು ಸರಿಯಾಗಿ ಕೂತವು. ಹೊಳೆಯಲ್ಲಿ ಮಿಂದು ಹೊಸ ಸೀರೆ ಉಟ್ಟವಳನ್ನು ನೋಡಿ ದಂಡೆಯ ಮೇಲಿನ ದೇವರು ನಗುತ್ತಾನೆ. ಬಡವಿಯ ಮನೆಗೆ ದೇವರು ಬಂದರೆ ಹಾಸಿಗೆ ಕೊಡವಿ ಕೂರಿಸುತ್ತಾಳೆ. ಕೊನೆಗೆ ಮಗಳನ್ನು ಅವನಿಗೆ ಒಪ್ಪಿಸುತ್ತಾಳೆ. ಮುಚ್ಚಿಡಬೇಕಾದ್ದು ಒಂದಕ್ಷರವೂ ಇರಲಿಲ್ಲ. ರತ್ನಕ್ಕ ಗಂಡನ ಹೆಸರು ಹೇಳದ ಹೆಂಗಸು, ಅಷ್ಟೇ ಎಂದುಕೊಂಡು ನಾನು ಬೀಗಿದೆ.

ವಿರೂಪಾಕ್ಷ ಸರ್‌ಗೆ ಹೇಳಿದಾಗ ಅವರು ಹಣೆ ಚಚ್ಚಿಕೊಂಡರು. ಅವರೂ ಆ ಸೀಮೆಯವರೇ. ಖುಷಿಯಾದಾಗ ಊರ ಮಾತು ಬಾಯಿಗೆ ಬರುತ್ತದೆ. “ನಮ್ಮವ್ವನೂ ಹಿಂಗ ಮಾಡ್ತಿದ್ಲು ನೋಡು. ನನಗ ಹೊಳೀಲೇ ಇಲ್ಲ.” ಪಾಪದ ಹಾಡು ಒಂದೇ ಗಳಿಗೆಯಲ್ಲಿ ಭಕ್ತಿಯ ಹಾಡಾಯಿತು. ಇದನ್ನು ಪುಸ್ತಕದ ಮೊದಲಿಗೇ ಹಾಕೋಣ, ದೇವರ ಹೆಸರಿನಿಂದ ಶುರುವಾಗಲಿ, ಸಂಘದವರಿಗೂ ಸಂತೋಷವಾಗುತ್ತದೆ ಎಂದರು. ನಾನು ಹೆಸರು ತುಂಬಿ, ಕೆಳಗೆ ‘ಹಾಡು ಕಟ್ಟಿದವರು: ಮಾಂತವ್ವ’ ಎಂದು ಹಾಕಿ ಕರಡು ತೆಗೆದೆ.

ಹಾಡಿದವರಿಗೆ ಕರಡು ತೋರಿಸಿ ಒಪ್ಪಿಗೆ ಪಡೆಯುವುದು ನಮ್ಮಲ್ಲಿ ನಡೆದುಬಂದ ರೀತಿ. ರಾಜಾನುಕುಂಟೆಗೆ ಬಸ್ಸು ಹಿಡಿದೆ. ಹಾಸ್ಟೆಲಿನ ಅಡುಗೆಮನೆಯ ಹಿಂದೆ ರತ್ನಕ್ಕ ಇನ್ನಿಬ್ಬರ ಜೊತೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ನನ್ನನ್ನು ನೋಡಿ ಎದ್ದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಮೊದಲು ಕೆಳಗೆ ನೋಡಿದರು. ಮಾಂತವ್ವ ಎಂಬ ಅಕ್ಷರಗಳ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಂತರ ಮೇಲಿನಿಂದ ಓದತೊಡಗಿದರು. ಎರಡನೇ ಸಾಲಿನಲ್ಲಿ ಬೆರಳು ನಿಂತಿತು.

“ಇದನ್ನ ಯಾರ್ ಹಾಕಿದ್ರು?”

“ನಾನೇ ರತ್ನಕ್ಕ. ಅಕ್ಷಯಾನ ಕೇಳಿ ಹಾಕ್ದೆ. ಯಜಮಾನರ ಹೆಸರು ಅಂತ ನೀವು ಹೇಳಿಲ್ಲ, ಅಲ್ವಾ? ನಮ್ಮಮ್ಮಾನೂ ಹಂಗೇನೇ.”

“ಯಜಮಾನರು,” ಎಂದರು ರತ್ನಕ್ಕ. ಸಿಟ್ಟೇನೂ ಇರಲಿಲ್ಲ. ಆ ಮಾತನ್ನು ಬಹಳ ದಿನದಿಂದ ಕೇಳಿಲ್ಲವೇನೋ ಎಂಬಂತೆ ಹೇಳಿದರು. ಆಮೇಲೆ ನನ್ನನ್ನು ನೀರಿನ ಟ್ಯಾಂಕಿನ ಪಕ್ಕಕ್ಕೆ ಕರೆದೊಯ್ದು ಕೂರಿಸಿದರು.

“ನಾ ಹೆಸರು ಹೇಳಾಕ ಅಂಜಾಕಿ ಅಲ್ಲವ್ವ. ದಿನಾ ಮುಂಜಾನಿ ಆ ದೇವರ ಹೆಸರು ತಗೊಂಡ ಒಲಿ ಹಚ್ಚತೀನಿ.” ಎಂದು ಹೆಸರನ್ನು ಸಲೀಸಾಗಿ ಹೇಳಿ ತೋರಿಸಿದರು. “ಅಂವ ಬಿಟ್ಟ ಹೋದಾಗ ನಮ್ಮವ್ವ ಅಂವನ್ನ ಹುಡುಕ್ಕೊಂಡ ಹೋಗಿದ್ಲು. ಬಸ್ಸು ಗೊತ್ತಿಲ್ಲ, ಭಾಷಾ ಗೊತ್ತಿಲ್ಲ. ಬಾಗಲದಾಗ ನಿಂತು ಮಗಳನ್ನ ಬಿಡಬ್ಯಾಡೋ ಅಂತ ಕೈ ಮುಗದ್ಲು. ಅಂವ ಒಳಗ ಇದ್ದ. ಬಾಗಲಾ ತಗೀಲಿಲ್ಲ. ಸಂಜಿತನಾ ಕುಂತು ಬಂದ್ಲು.”

ಹುರುಳಿಕಾಯಿ ಹೆಚ್ಚುತ್ತಿದ್ದವರು ನಮ್ಮ ಕಡೆ ನೋಡಿ ಮತ್ತೆ ತಲೆ ತಗ್ಗಿಸಿದರು.

“ಬಂದ ಮ್ಯಾಲೂ ಬೀಸೂದು ಬಿಡಲಿಲ್ಲ, ಹಾಡೂದೂ ಬಿಡಲಿಲ್ಲ. ಆ ಹೆಸರಿಗೆ ಬಂದ್ರ ಬಾಯಿ ಮುಚ್ಚತಿದ್ಲು. ಕಲ್ಲು ಅಷ್ಟ ತಿರಗತಿತ್ತು. ಗುಂಯ್ ಅಂತ ಕಲ್ಲಿನ ದನಿ. ಸಾಯೂತನಾ ಹಂಗ ಹಾಡಿದ್ಲು. ನಾ ಅಕಿ ಹಾಡಿದಂಗ ಹಾಡೀನಿ.”

ನನ್ನ ಜಾಣತನ ಅಲ್ಲಿಗೆ ಮುಗಿಯಿತು. ಅದು ಹೆಂಡತಿ ಗಂಡನಿಗೆ ಕೊಟ್ಟ ಮರ್ಯಾದೆ ಅಲ್ಲ. ಅತ್ತೆ ಅಳಿಯನನ್ನು ತನ್ನ ಹಾಡಿನಿಂದ ಹೊರಗೆ ಹಾಕಿದ್ದು. ಅವನ ಜೊತೆಗೆ ದೇವರೂ ಹೊರಗೆ ಹೋದ, ಆ ಮುದುಕಿ ಅದಕ್ಕೂ ಹಿಂದೆ ಮುಂದೆ ನೋಡಲಿಲ್ಲ.

“ಇದನ್ನ ತಗೀರಿ,” ಎಂದರು ರತ್ನಕ್ಕ. “ಖಾಲಿ ಇತ್ತಲ್ಲ, ಹಂಗ ಖಾಲಿ ಬಿಡ್ರಿ.”

ನಾನು ಹೂಂ ಎಂದೆ. ಹೇಳುವಾಗಲೇ ಸರ್ ಏನೆನ್ನುತ್ತಾರೆ ಎಂದು ಗೊತ್ತಿತ್ತು.

ಸರ್ ನಾನು ಹೇಳಿದ್ದನ್ನು ಕಡೆಯತನಕ ಕೇಳಿದರು. ಬಾಗಿಲ ಮುಂದೆ ಸಂಜೆಯ ತನಕ ಕೂತ ಹೆಂಗಸಿನ ವಿಷಯಕ್ಕೆ ಬಂದಾಗ ಕಿಟಕಿಯ ಕಡೆ ತಿರುಗಿದರು. ಅವರು ಕೆಟ್ಟವರಲ್ಲ. ಆದರೆ ಪುಸ್ತಕ ಮಾಡಿ ಮಾಡಿ ಅಂಜಿಕೆ ಅವರ ಮೈಗೆ ಹತ್ತಿಬಿಟ್ಟಿದೆ.

“ಖಾಲಿ ಬಿಡೋಕಾಗಲ್ಲಮ್ಮ. ಮೊದಲು ಏನೋ ಹೊಲಸು ಮಾತು ಅಂದ್ಕೊಂಡು ತೆಗಿ ಅಂದೆ. ಈಗ ದೇವರ ಹೆಸರು ಅಂತ ಗೊತ್ತಾಗಿದೆ. ಆ ಕಡೆಯೋರು ಓದಿದ ತಕ್ಷಣ ಅಲ್ಲಿ ಏನಿರ್ಬೇಕು ಅಂತ ಹೇಳ್ತಾರೆ. ದೇವರ ಹೆಸರು ಯಾಕ್ ತೆಗೆದ್ರಿ ಅಂತ ಕೇಳ್ತಾರೆ. ಸಂಘದೋರು ಮೊದಲು ಕೇಳ್ತಾರೆ.”

ಆ ಕಡೆಯವರೇ ಆದ ಅವರಿಗೆ ಮೊದಲು ತಿಳಿದಿರಲಿಲ್ಲ ಎಂದು ನಾನು ನೆನಪಿಸಲಿಲ್ಲ. “ಅವರ ತಾಯಿ ತೆಗೆದದ್ದು ಅಂತ ಕೆಳಗೆ ಒಂದು ಸಾಲು ಹಾಕೋಣ ಸರ್.”

“ಯಾಕ್ ತೆಗೆದ್ರು ಅಂತ ಬರೀಬೇಕಾಗುತ್ತೆ. ಆಯಮ್ಮನ ಸಂಸಾರಾನ ಶಾಲೆ ಲೈಬ್ರರೀಲಿ ಇಡ್ತೀಯಾ?” ಆಮೇಲೆ ನನ್ನ ಮುಖ ನೋಡದೆ ಹೇಳಿದರು. “ಸಂಪಾದಕರು ಅಂತ ಒಳಗೆ ನಿನ್ನ ಹೆಸರೂ ಇದೆ. ಅದನ್ನೂ ಯೋಚನೆ ಮಾಡು.”

ಅದನ್ನು ನಾನು ಆಗಲೇ ಯೋಚಿಸಿದ್ದೆ, ಬಸ್ಸಿನಲ್ಲಿ. ದೇವರ ಹೆಸರಿದ್ದ ಜಾಗ ಖಾಲಿ, ತಿದ್ದಿದವಳು ಲುಬ್ನಾ. ಉಳಿದದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನನಗೆ ಬೇಸರವಾಯಿತು. ಅವರು ಹೇಳಿದ್ದಕ್ಕಲ್ಲ, ಹೇಳಿದ್ದು ಸುಳ್ಳಲ್ಲ ಎನ್ನುವುದಕ್ಕೆ. ಬೇರೆ ಮಾತು ಹಾಕಬಹುದೇ ಕೇಳು ಎಂದರು ಸರ್. ನನ್ನಯ್ಯ, ನನ್ನೊಡೆಯ, ಶಿವರಾಯ, ಯಾವುದಾದರೂ ಆದೀತು. ಅಕ್ಷಯಾಗೆ ಫೋನ್ ಮಾಡಿ ಹೇಳಿದೆ. ಮರುದಿನ ಮಧ್ಯಾಹ್ನ ರತ್ನಕ್ಕ ತಾವೇ ಆಫೀಸಿಗೆ ಬಂದರು.

ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಸರ್ ಎದ್ದು ಕುರ್ಚಿ ಕೊಟ್ಟರು. ಇಬ್ಬರೂ ಒಂದೇ ಸೀಮೆಯ ಮಾತಿಗೆ ಇಳಿದರು.

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ದೇವರ ಹೆಸರು ಅದು. ಅಂವಂದು ಅಂತ ಯಾಕ ತಿಳೀತೀರಿ?”

“ನಾ ತಿಳಿಯೂದಲ್ರೀ. ಅವ್ವ ತಿಳದಿದ್ದು. ಅಕಿ ಹಾಡು.”

“ಹಂಗಾರ ಬ್ಯಾರೆ ಮಾತು ಹಾಕೂಣ. ಓದಾಕೂ ಚಂದ ಆಗ್ತದ.”

“ಅವ್ವ ತಗದಾಳ. ಬ್ಯಾರೆ ಏನೂ ಹಾಕಿಲ್ಲ.” ರತ್ನಕ್ಕ ನನ್ನ ಕಡೆ ತಿರುಗಿದರು. “ನೀವು ಹಿಂಗ ಮಾತು ತಗಿಯೂದಕ್ಕ ಏನಂತೀರವ್ವ, ಇಲ್ಲೆ?”

ಹೊರಗಿನವರ ಮುಂದೆ ಆಡದ ಮಾತು ಅದು. ಸರ್ ಮುಖ ಒಮ್ಮೆ ನೋಡಿ ಹೇಳಿದೆ. “ಮಡಿ ಮಾಡೋದು ಅಂತೀವಿ ರತ್ನಕ್ಕ.”

ಅವರಿಗೆ ನಗು ಬರಲಿಲ್ಲ. ಆ ಮಾತನ್ನು ಕೇಳಿಸಿಕೊಂಡು ತಲೆಯಾಡಿಸಿದರು. “ಹಂಗಾರ ನಮ್ಮವ್ವ ಮಡಿ ಮಾಡಿಟ್ಟಾಳ. ಅದನ್ನ ನೀವು ಮುಟ್ಟಬ್ಯಾಡ್ರಿ.”

ಇಷ್ಟು ವರ್ಷ ಈ ಕೆಲಸ ಮಾಡಿ, ಈ ಮಾತನ್ನು ದಿನಕ್ಕೆ ಹತ್ತು ಸಲ ಆಡಿ, ಅದಕ್ಕೆ ಇಂಥದೊಂದು ಬಳಕೆ ಇರಬಹುದೆಂದು ನನಗೆ ತೋಚಿರಲಿಲ್ಲ. ನಾವು ತೆಗೆಯುವುದು ಓದುವವರ ಕಣ್ಣಿಗೆ ಅಂಜಿ. ಮಾಂತವ್ವ ಯಾರಿಗೂ ಅಂಜಿ ತೆಗೆದದ್ದಲ್ಲ. ಒಬ್ಬಳೇ ಬೀಸುತ್ತ ಕೂತು, ಕೇಳುವವರು ಯಾರೂ ಇಲ್ಲದಾಗಲೂ ಬಾಯಿ ಮುಚ್ಚುತ್ತಿದ್ದಳು.

ಸರ್ ಕೈ ಚೆಲ್ಲಿದರು. “ಖಾಲಿ ಬಿಟ್ರ ನಾವು ಉಳಿಯಂಗಿಲ್ರಿ ಅಕ್ಕಾರ. ನಿಮಗ ಸುಳ್ಳು ಯಾಕ ಹೇಳ್ಲಿ. ಒಂದು ಹೆಸರು ಇರಬೇಕು, ಇಲ್ಲಾ ಹಾಡು ಬಿಡಬೇಕು.”

“ಬಿಡ್ರಿ ಹಂಗಾರ.”

“ಹಾಡು ಬಿಟ್ರ ನಿಮ್ಮವ್ವನ ಹೆಸರೂ ಹೋಗ್ತದಲ್ರೀ.”

ಕರಡಿನ ಹಾಳೆ ಮೇಜಿನ ಮೇಲಿತ್ತು. ರತ್ನಕ್ಕ ಅದರ ಕೆಳತುದಿಯನ್ನು ಬೆರಳಿನಿಂದ ನೇವರಿಸಿ ನೇರ ಮಾಡಿದರು. ಆ ಹೆಸರನ್ನು ಉಳಿಸಿಕೊಳ್ಳಬೇಕೆಂದು ಅವರಿಗೆ ಎಷ್ಟು ಆಸೆಯಿತ್ತೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಒಂದು ಮಾತನ್ನು ಒಪ್ಪಿಕೊಂಡರೆ ಸಾಕಿತ್ತು, ತಾಯಿ ಪುಸ್ತಕದ ಮೊದಲ ಪುಟದಲ್ಲಿರುತ್ತಿದ್ದಳು. ಒಪ್ಪಿಕೊಳ್ಳಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

“ಅಂವನ ಜೋಡಿ ಒಂದ ಪುಟದಾಗ ಅಕಿ ಇರಾಕ ಒಪ್ಪತಿರಲಿಲ್ರಿ,” ಎಂದರು. ಆಮೇಲೆ ಕೇಳಿದರು. “ತಗದದ್ದು ಗೊತ್ತಾಗಂಗಿಲ್ಲಲ್ಲ?”

“ಇಲ್ರೀ,” ಎಂದರು ಸರ್. “ಏನೂ ಗೊತ್ತಾಗಂಗಿಲ್ಲ.”

“ಆತ ಬಿಡ್ರಿ,” ಎಂದು ಎದ್ದರು.

ಪುಸ್ತಕ ಎರಡು ತಿಂಗಳಿಗೆ ಬಂತು. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಮೊದಲ ಪುಟದಲ್ಲಿ ಒಂದು ಜೋಗುಳವಿದೆ. ರತ್ನಕ್ಕ ಹಾಡಿದ ಬೇರೆ ಎರಡು ಪದಗಳು ಒಳಗೆ ಅವರ ಹೆಸರಿನಲ್ಲೇ ಇವೆ. ಮಾಂತವ್ವ ಎಲ್ಲೂ ಇಲ್ಲ. ಮುನ್ನುಡಿಯಲ್ಲಿ ಹಾಡುಗಳನ್ನು ಪರಿಷ್ಕರಿಸಲಾಗಿದೆ ಎಂದು ನಾನೇ ಬರೆದೆ.

ರತ್ನಕ್ಕ ಆಫೀಸಿಗೆ ಬಂದಿದ್ದ ಆ ಮಧ್ಯಾಹ್ನ ನಾನು ಅವರ ಜೊತೆ ಬಸ್ ಸ್ಟಾಪಿನ ತನಕ ಹೋಗಿದ್ದೆ. ರಾಜಾನುಕುಂಟೆಗೆ ಹೋಗುವ, ದೊಡ್ಡಬಳ್ಳಾಪುರದ ಕಡೆಯ ಬಸ್ಸು ಬರುವುದಿತ್ತು. ಕಾಲೇಜು ಬಿಟ್ಟ ಹುಡುಗರು ಫೋನ್ ನೋಡುತ್ತ ನಿಂತಿದ್ದರು. ನಾವು ಅವರಿಂದ ಆಚೆ ಕಲ್ಲು ಬೆಂಚಿನ ಮೇಲೆ ಕೂತೆವು. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಯಾವುದಕ್ಕೆ ಎಂದು ಸ್ಪಷ್ಟವಾಗಲಿಲ್ಲ.

“ನೀ ಒಂದ ಕೆಲಸ ಮಾಡತಿ ಏನವ್ವ?” ಎಂದರು ರತ್ನಕ್ಕ. “ಬರೀಬ್ಯಾಡ. ಫೋನಿನ್ಯಾಗೂ ಹಿಡೀಬ್ಯಾಡ. ಬರೇ ಕೇಳು.”

“ಹೇಳಿ ರತ್ನಕ್ಕ.”

“ಅವ್ವ ಮೊದಲ ಸಲ ಹಾಡಿದ್ದು ಹೆಸರು ಹಾಕೇ. ನನ್ನ ಕಳಿಸೂ ವರ್ಷ, ಖುಷೀಲೆ ಹಾಡಿದ್ಲು. ಆಮ್ಯಾಲ ತಗದ್ಲು, ಅದು ಅಕಿಗೆ ಬಿಟ್ಟದ್ದು. ಆದ್ರ ಏನ್ ತಗದ್ಲು ಅನ್ನೂದು ಒಬ್ಬರಿಗಾದ್ರೂ ಗೊತ್ತಿರಬೇಕಲ್ಲ. ನಾ ಸತ್ರ ಯಾರಿಗೂ ಗೊತ್ತಿರಂಗಿಲ್ಲ.”

“ಅಕ್ಷಯಾಗೆ ಹೇಳ್ಬಹುದಿತ್ತಲ್ಲ. ಅವಳು ಮೊಮ್ಮಗಳು.”

ರತ್ನಕ್ಕ ತಲೆ ಅಲ್ಲಾಡಿಸಿದರು. “ಅಕಿ ಮುಂದ ಹಾಡಿದ್ರ ಅಕಿಗೆ ಅಪ್ಪನ ಹೆಸರು ಕೇಳಸ್ತದ. ನಿನಗಾದ್ರ ಹಾಡು ಕೇಳಸ್ತದ.”

ಬಲಗೈಯನ್ನು ಬೆಂಚಿನ ಮೇಲಿಟ್ಟು ದುಂಡಗೆ ಆಡಿಸತೊಡಗಿದರು. ಮೂರು ನುಡಿಯನ್ನೂ ಹಾಡಿದರು, ಮೆಲ್ಲಗೆ, ಹುಡುಗರಿಗೆ ಕೇಳಿಸದಂತೆ. ಹೆಸರಿನ ಹತ್ತಿರ ಎಲ್ಲೂ ತಡೆಯಲಿಲ್ಲ. ಮಗಳನ್ನು ಬಿಡಬೇಡ ಎಂದು ಕೇಳಿಕೊಳ್ಳುವ ಕಡೆ ಹೆಸರನ್ನು ಸ್ವಲ್ಪ ಎಳೆದು ಹಾಡಿದರು, ಕೇಳಿಕೊಂಡರೆ ಆಗುತ್ತದೆ ಎಂದು ಇನ್ನೂ ನಂಬಿದ್ದವಳ ಹಾಗೆ.